ಮುದುಕಿ ತೋರಿಸಿದ ಕಲ್ಲು

ಸರ್ವೇ ಓದಿದ ಎರಡು ವರ್ಷದಲ್ಲಿ ನಾನು ಹೆಚ್ಚಾಗಿ ಕೈಯಲ್ಲಿ ಹಿಡಿದದ್ದು ಕೊಡೆಯನ್ನು. ಥಿಯೊಡೊಲೈಟ್ ಎಂಬ ಕೋನ ಅಳೆಯುವ ಯಂತ್ರಕ್ಕೆ ನೇರ ಬಿಸಿಲು ತಾಗಬಾರದು, ತಾಗಿದರೆ ಅಳತೆ ತಪ್ಪುತ್ತದೆ. ಹಾಗಾಗಿ ಒಬ್ಬರು ಅದರ ಮೇಲೆ ದೊಡ್ಡ ಕೊಡೆ ಹಿಡಿದು ನಿಲ್ಲಬೇಕು. ಅದು ಸರದಿಯ ಕೆಲಸ. ಆದರೆ ನಮ್ಮ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಮೊದಲ ದಿನವೇ ಪ್ರೊಫೆಸರರು ಕೊಡೆಯನ್ನು ನನ್ನ ಕೈಗೆ ಕೊಟ್ಟು, "ಯಂತ್ರವೂ ಕಪ್ಪಾಗೋದಿಲ್ಲ, ಮದುವೆಯಾಗುವ ಹುಡುಗಿಯೂ ಕಪ್ಪಾಗೋದಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು. ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಸರದಿ ಎಂಬುದು ಬರಲೇ ಇಲ್ಲ.

ಕೊಡೆ ಹಿಡಿದವಳಿಗೆ ಒಂದು ಲಾಭವಿತ್ತು. ಯಂತ್ರದ ಹತ್ತಿರ ಸದಾ ಇರುವವಳು ನಾನೇ. ಯಾರು ಎಲ್ಲಿ ತಪ್ಪುತ್ತಾರೆ, ಯಾರು ಸುಳ್ಳು ಅಂಕಿ ಬರೆಯುತ್ತಾರೆ, ಎಲ್ಲ ನೋಡುತ್ತಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೊದಲ ಸಲ ಆ ತಿರುಪುಗಳನ್ನು ಮುಟ್ಟಿದೆ. ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚಿನ ಅಂಕ ಕೊಟ್ಟರು. ಪ್ರೊಫೆಸರರು ಮಾತ್ರ, "ನಮ್ಮ ಕೊಡೆಯ ಕೆಳಗೆ ನಿಂತು ನಿಂತೇ ಕಲಿತಳು ನೋಡಿ" ಎಂದು ಅವರ ಮುಂದೆ ಹೆಮ್ಮೆಪಟ್ಟರು.

ಓದು ಮುಗಿದ ಮೇಲೆ ಜೊತೆಯ ಹುಡುಗರು ಎಲ್ಲೆಲ್ಲಿಗೋ ಹೋದರು. ಕೆಲವರು ರೇಲ್ವೆಗೆ, ಕೆಲವರು ಅಣೆಕಟ್ಟಿನ ಕೆಲಸಕ್ಕೆ, ಇಬ್ಬರು ಮಸ್ಕತ್ತಿಗೆ. ನನಗೆ ಖಾಡಿಯ, ಅಂದರೆ ಒಳಗೆ ಚಾಚಿದ ಸಮುದ್ರದ ಹಿನ್ನೀರಿನ, ಆಚೆ ಕಟ್ಟುತ್ತಿದ್ದ ಹೊಸ ನಗರದ ಒಂದು ಕಚೇರಿಯಲ್ಲಿ ತಾತ್ಕಾಲಿಕ ಹುದ್ದೆ ಸಿಕ್ಕಿತು. ಶಹಾಡ್‌ನ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದ ಅಪ್ಪ ಡೊಂಬಿವಲಿಯಲ್ಲಿ ನಾವಿದ್ದ ಸಾಲುಮನೆಗಳ ಚಾಳಿನ ತುಂಬ ಹೇಳಿಕೊಂಡು ಬಂದರು. ಅವ್ವ ಮಾತ್ರ, "ಹೊಲಾ ಮನೀ ಅಳಿಯೋ ಕೆಲಸ ಹೆಣ್ಣಮಕ್ಕಳಿಗೆ ಯಾಕಬೇಕ? ಅಳದಲ್ಲೆಲ್ಲಾ ಜಗಳಾ ಹುಟ್ಟತಾವ" ಅಂದಳು. ಅಪ್ಪ ಆಕೆಯನ್ನು ಬೈದರು.

ಬೆಳಿಗ್ಗೆ ಠಾಣೆಯವರೆಗೆ ಲೋಕಲ್, ಅಲ್ಲಿಂದ ವಾಶಿಯ ಕಡೆಗೆ ಎಸ್.ಟಿ. ಬಸ್ಸು. ಕಚೇರಿಯಲ್ಲಿ ಎತ್ತರದ ಮೇಜಿನ ಮುಂದೆ ಕೂತು ಬೇರೆಯವರು ಅಳೆದು ತಂದದ್ದನ್ನು ಟ್ರೇಸಿಂಗ್ ಹಾಳೆಯ ಮೇಲೆ ಬಿಡಿಸುವುದು ನನ್ನ ಕೆಲಸ. ಒಂದೂವರೆ ವರ್ಷ ಅದನ್ನೇ ಮಾಡಿದೆ. ಸರ್ವೇಯರುಗಳು ಹೊರಗೆ ಹೊರಟಾಗ ಕಿಟಕಿಯಿಂದ ನೋಡುತ್ತಿದ್ದೆ. ನನ್ನನ್ನೂ ಕಳಿಸಿ ಎಂದು ಮೂರು ಅರ್ಜಿ ಕೊಟ್ಟೆ. ಉತ್ತರ ಬರಲಿಲ್ಲ.

ನಮ್ಮ ಮೇಲಧಿಕಾರಿ ಉಡುಪಿಯ ಕಡೆಯವರು. ಮಾತು ಬಲು ಮೆದು. ಒಂದು ದಿನ ಅವರೇ ನನ್ನ ಮೇಜಿನ ಹತ್ತಿರ ಬಂದರು.

"ನಿಂಗೆ ಫೀಲ್ಡಿಗೆ ಹೋಗ್ಬೇಕು ಅಂತ ಆಸೆ ಉಂಟಲ್ಲ? ನಾಳೆ ಹೋಗು. ಸಾಮಾನು ಹೊರ್ಲಿಕ್ಕೆ, ಕೋಲು ಹಿಡೀಲಿಕ್ಕೆ ಇಬ್ರು ಖಲಾಸಿಗಳನ್ನ ಕೊಡ್ತೇನೆ. ಯಂತ್ರ ನೀನೇ ಇಡು, ಬುಕ್ಕು ನೀನೇ ಬರಿ."

ಯಾವ ಊರು ಎಂದು ಕೇಳಿದೆ. ಹೇಳಿದರು. ಖಾಡಿಯ ದಂಡೆಯ ಆ ಹಳ್ಳಿಗೆ ಹಿಂದೆ ಹೋದ ಎರಡು ತಂಡಗಳನ್ನು ಊರವರು ಕಲ್ಲು ಹೊಡೆದು ಓಡಿಸಿದ್ದರು. ಒಬ್ಬ ಸರ್ವೇಯರನ ಹಣೆಗೆ ಹೊಲಿಗೆ ಬಿದ್ದಿತ್ತು.

"ನಿಂಗೆ ಎಂತ ಹೆದ್ರಿಕೆ ಮಾರಾಯ್ತಿ?" ಎಂದರು ಅವರು. "ಹೆಣ್ಣುಮಗಳಿಗೆ ಯಾರೂ ಕಲ್ಲು ಹೊಡೆಯೂದಿಲ್ಲ. ಬಾಗ್ಲು ತೆಗೀತಾರೆ."

ಅವರು ನನ್ನನ್ನು ಯಾಕೆ ಕಳಿಸುತ್ತಿದ್ದಾರೆಂದು ಆ ಮಾತಿನಲ್ಲೇ ತಿಳಿಯಿತು. ತಿಳಿದೂ ಹೋದೆ.

ಊರ ಹೊಲಗದ್ದೆ, ಉಪ್ಪಿನ ಆಗರಗಳೆಲ್ಲ ಆಗಲೇ ಹೊಸ ನಗರಕ್ಕೆ ಹೋಗಿದ್ದವು. ಉಳಿದದ್ದು ಗಾವಠಾಣ, ಅಂದರೆ ಮನೆಗಳಿದ್ದ ಹಳೆಯ ಊರಜಾಗ. ಅದರ ಗಡಿಯೊಳಗಿನ ಮನೆಗಳು ಉಳಿಯುತ್ತವೆ, ಹೊರಗಿನವು ರಸ್ತೆಗೆ ಹೋಗುತ್ತವೆ. ಹಿಂದಿನ ಕಾಲದವರು ಗಡಿಯ ಮೂಲೆಗಳಲ್ಲಿ ಐದು ಕಲ್ಲು ನೆಟ್ಟಿದ್ದರು. ನಾಲ್ಕು ಸಿಕ್ಕಿದ್ದವು. ಖಾಡಿಯ ಬದಿಯ ಐದನೆಯದು ಯಾರಿಗೂ ಸಿಕ್ಕಿರಲಿಲ್ಲ. ಹಳೆಯ ನಕಾಶೆಯ ಆ ಮೂಲೆಯನ್ನೂ ಗೆದ್ದಲು ತಿಂದಿತ್ತು. ಕಲ್ಲು ಸಿಗದಿದ್ದರೆ ಆ ಬದಿಯ ಕೊನೆಯ ಮನೆಯ ಹಿಂಗೋಡೆಯನ್ನೇ ಗಡಿಯೆಂದು ಬರೆಯುವುದು ಕಚೇರಿಯ ರೂಢಿ.

ಮೊದಲ ದಿನ ಗಂಡಸರು ದೂರ ನಿಂತು ನೋಡಿದರು. ಕಲ್ಲು ಬೀಳಲಿಲ್ಲ. ನಾನು ಬಿಸಿಲಲ್ಲಿ ಒದ್ದಾಡುವುದನ್ನು ನೋಡಿ ಖಾಡಿಯ ಬದಿಯ ಮನೆಯ ಮುದುಕಿ ತಂಬಿಗೆ ನೀರು ತಂದಳು. ಗಂಡ ತೀರಿಹೋಗಿದ್ದ, ಮಗಳನ್ನು ಕಲ್ಯಾಣದ ಆಚೆ ಕೊಟ್ಟಿದ್ದಳು, ಒಬ್ಬಳೇ ಇದ್ದಳು. ಅವಳು ಆಡುತ್ತಿದ್ದದ್ದು ಕರಾವಳಿಯ ಮರಾಠಿ, ಆದರೆ ನನ್ನ ನೆನಪಿನಲ್ಲಿ ಆ ಮಾತು ನಮ್ಮ ಕಡೆಯ ಕನ್ನಡವಾಗಿಯೇ ಉಳಿದಿದೆ.

"ಏ ಪೋರಿ, ನಿನ್ನ ಮನ್ಯಾಗ ಗಂಡಸರಿಲ್ಲೇನ? ಇಂಥಾ ಬಿಸಲಾಗ ಕಳಸ್ಯಾರ!"

ಎರಡನೆಯ ದಿನ ನಾನು ಮೀನು ತಿನ್ನದವಳೆಂದು ತಿಳಿದು ಬೇರೆ ಮಡಕೆಯಲ್ಲಿ ಬೇಳೆ ಬೇಯಿಸಿ, ಅಕ್ಕಿರೊಟ್ಟಿಯ ಜೊತೆ ಬಡಿಸಿದಳು. ಖಲಾಸಿಗಳಿಗೂ ಹಾಕಿದಳು. ನಾನು ದೂರದರ್ಶಕದಲ್ಲಿ ನೋಡುವುದು ಅವಳಿಗೆ ಬೆರಗು. ಒಮ್ಮೆ ಅವಳನ್ನೂ ನೋಡಲು ಬಿಟ್ಟೆ. ಆ ಯಂತ್ರದಲ್ಲಿ ಎಲ್ಲ ತಲೆಕೆಳಗಾಗಿಯೇ ಕಾಣುವುದು; ಅವಳು ಕಿರುಚಿ ಹಿಂದೆ ಸರಿದಳು. "ಅಯ್ಯ, ನನ್ನ ಮನೀ ಉಲ್ಟಾ ಆಗೇದ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಮೂರನೆಯ ದಿನ ಮಧ್ಯಾಹ್ನದವರೆಗೂ ಖಾಡಿಯ ದಂಡೆಯ ಮುಳ್ಳುಕಂಟಿಗಳಲ್ಲಿ ಹುಡುಕಿ, ಕೈಯೆಲ್ಲ ಗೀರಿಸಿಕೊಂಡು ಅವಳ ಜಗಲಿಗೆ ಬಂದು ಕೂತೆ. ಕಣ್ಣಲ್ಲಿ ನೀರು ಬಂದಿತ್ತು. ಅವಳು ನನ್ನ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೇಳಿದಳು:

"ಏನ ಹುಡಕಾಕತ್ತಿ ಹೇಳ ನನ್ನವ್ವ?"

"ಒಂದು ಕಲ್ಲು ಅಜ್ಜಿ. ಮ್ಯಾಲೆ ಕತ್ತರಿ ಗುರುತು ಇರತದ. ಅದು ಸಿಗಲಿಲ್ಲಂದ್ರ ನನ್ನ ಕೆಲಸ ಮುಗಿಯೂದಿಲ್ಲ."

"ಅಷ್ಟs ಏನ?" ಎಂದು ಎದ್ದಳು. ಅಂಗಳದ ಮುಂದಿನ ಮೂಲೆಯಲ್ಲಿದ್ದ ಕೋಳಿಗೂಡನ್ನು ಪಕ್ಕಕ್ಕೆ ನೂಕಿದಳು. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಹಿಕ್ಕೆಯನ್ನು ಕಾಲಿಂದ ಸರಿಸಿ, ತಂಬಿಗೆಯ ನೀರು ಸುರಿದಳು. ಕಪ್ಪು ಕಲ್ಲಿನ ಮೇಲೆ ಕತ್ತರಿ ಗುರುತು ಮೂಡಿತು.

"ನಮ್ಮ ಮಾವ ಹೇಳತಿದ್ದ, ಇದು ಸರಕಾರದ ಕಲ್ಲು, ಅಲಗಿಸಬ್ಯಾಡ್ರಿ ಅಂತ. ನಾವು ಅಲಗಿಸಿಲ್ಲ ನೋಡ."

ನಾನು ಅವಳನ್ನು ತಬ್ಬಿಕೊಂಡೆ. ನಿಜವಾಗಿಯೂ ತಬ್ಬಿಕೊಂಡೆ. ಯಂತ್ರ ಇಟ್ಟು ನೋಡುವವರೆಗೆ ನನಗೂ ಹೊಳೆದಿರಲಿಲ್ಲ. ಕಲ್ಲು ಅವಳ ಮನೆಯ ಮುಂದೆ, ಊರಿನ ಬದಿಗೆ ಇತ್ತು. ಅಂದರೆ ಅವಳ ಮನೆ ಗಡಿಯ ಹೊರಗೆ. ಅದರ ಹಿಂದಿದ್ದ, ಅವಳ ಮೈದುನರ ಮೂರು ಮನೆಗಳೂ ಹೊರಗೆ. ಖಲಾಸಿಗಳು ಇನ್ನೊಂದು ಮೂಲೆಗೆ ಹೋಗಿದ್ದರಿಂದ ಕಲ್ಲಿನ ಮೇಲೆ ಕೆಂಪು ಬಿಳಿ ಪಟ್ಟಿಯ ಕೋಲನ್ನು ನೆಟ್ಟಗೆ ಹಿಡಿದು ನಿಂತವಳೂ ಅವಳೇ. "ಹಿಂಗ ಹಿಡೀಲೇನ? ಸೊಟ್ಟ ಆತೇನ?" ಎಂದು ಕೇಳುತ್ತಲೇ ಇದ್ದಳು. "ಸರಿ ಅದ ಅಜ್ಜಿ" ಎಂದೆ.

ಆ ಸಂಜೆ ಬಸ್ಸಿನಲ್ಲಿ ಫೀಲ್ಡ್ ಬುಕ್ಕು ತೊಡೆಯ ಮೇಲಿತ್ತು. ಕಲ್ಲು ಸಿಗಲಿಲ್ಲ ಎಂದು ಒಂದು ಸಾಲು ಬರೆದರೆ ಮುಗಿಯುತ್ತಿತ್ತು. ಎರಡು ತಂಡ ಅದನ್ನೇ ಬರೆದಿದ್ದವು, ಯಾರೂ ಕೇಳುತ್ತಿರಲಿಲ್ಲ. ಆದರೆ ಐದು ಕಲ್ಲನ್ನೂ ಹಿಡಿದು ಲೆಕ್ಕ ಹಾಕಿದಾಗ ನನ್ನ ಅಳತೆ ಸುತ್ತು ಹೊಡೆದು ಹೊರಟ ಜಾಗಕ್ಕೇ ಬಂದು ಸೇರಿತ್ತು, ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ. ಕಾಲೇಜಿನಲ್ಲಿ ಯಾವ ಹುಡುಗನಿಗೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಅದನ್ನು ಎಲ್ಲರಿಗೂ ತೋರಿಸಬೇಕಾಗಿತ್ತು ನನಗೆ. ಕಾನೂನು, ಪ್ರಾಮಾಣಿಕತೆ ಎಂದೆಲ್ಲ ಆಮೇಲೆ ಹೇಳಿಕೊಂಡಿದ್ದೇನೆ. ಆ ಬಸ್ಸಿನಲ್ಲಿ ಅವು ಯಾವುವೂ ನನ್ನ ತಲೆಯಲ್ಲಿರಲಿಲ್ಲ. ಠಾಣೆ ಬರುವ ಮೊದಲೇ ಶಾಯಿಯಲ್ಲಿ ಬರೆದೆ. ಷರಾ ಎಂಬ ಖಾನೆಯಲ್ಲಿ, ಕಲ್ಲು ತೋರಿಸಿದವರು ಇಂಥವರು ಎಂದು ಮುದುಕಿಯ ಹೆಸರನ್ನೂ ಬರೆದೆ. ಹಾಗೆ ಬರೆಯಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು.

ಮೇಲಧಿಕಾರಿ ಪುಸ್ತಕ ನೋಡಿ ಬೆನ್ನು ತಟ್ಟಿದರು. "ಎರಡು ವರ್ಷ ಗಂಡಸರಿಗೆ ಸಿಗದ್ದು! ನಾನು ಹೇಳ್ಲಿಲ್ವಾ, ಬಾಗ್ಲು ತೆಗೀತಾರೆ ಅಂತ."

ನೋಟೀಸು ಹೊರಟಾಗ ನನ್ನ ಷರಾವೂ ಅದರ ಜೊತೆಗೇ ಹೋಯಿತು. ಚಾವಡಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಮುದುಕಿ ಕಲ್ಲು ತೋರಿಸಿದ್ದು ಊರಿಗೆಲ್ಲ ತಿಳಿಯಿತು. ಮೈದುನರು ಅವಳಿಗೆ ಬಾವಿಯ ನೀರು ಸೇದಗೊಡಲಿಲ್ಲ. ಸರಕಾರದವರಿಂದ ಏನು ತಿಂದೆ ಎಂದು ಕೇಳಿದರು. ಕೋಳಿಗಳನ್ನು ಯಾರೋ ಕತ್ತು ಮುರಿದು ಅಂಗಳಕ್ಕೆ ಎಸೆದಿದ್ದರು. ಇದನ್ನೆಲ್ಲ ನನಗೆ ಹೇಳಿದವನು ಅಲ್ಲಿಗೆ ನೋಟೀಸು ಒಯ್ದಿದ್ದ ನಮ್ಮ ಪ್ಯೂನ್.

"ಊರವ್ರು ಬಂದ್ರೆ ನೀನು ಮಾತಾಡ್ಲಿಕ್ಕೆ ಹೋಗ್ಬೇಡ" ಎಂದು ಮೇಲಧಿಕಾರಿ ಎಚ್ಚರಿಸಿದ್ದರು. ಬಂದವಳು ಅವಳೊಬ್ಬಳೇ. ಬೆಳಿಗ್ಗೆ ಹನ್ನೊಂದರ ಹೊತ್ತು. ಬಾಗಿಲಲ್ಲಿ ಅವಳ ದನಿ ಕೇಳಿದ್ದೇ ನಾನು ನನ್ನ ಎತ್ತರದ ಮೇಜಿನ ಓರೆ ಹಲಗೆಯನ್ನು ನೆಟ್ಟಗೆ ಎತ್ತಿ ಅದರ ಹಿಂದೆ ನಿಂತೆ. ಪ್ಯೂನ್ ನನ್ನತ್ತ ನೋಡಿದ. ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಬಾಯಿಯವರು ರಜಾ ಮೇಲಿದ್ದಾರೆ" ಎಂದ ಅವನು.

"ಒಮ್ಮೆ ಊರಿಗೆ ಬಂದು ಹೇಳಿ ಹೋಗಲಿ ಸಾಕು" ಎಂದಳು ಅವಳು. "ಕಲ್ಲು ತಾನs ಹುಡಕಿದೆ, ಮುದುಕಿ ತೋರಿಸಲಿಲ್ಲ ಅಂತ. ಮನೀ ಹೋದರ ಹೋಗಲಿ. ಒಂದು ಸುಳ್ಳು ಹೇಳಲಿ ನನ್ನ ಸಲುವಾಗಿ."

ಹಲಗೆ ನನ್ನ ಮುಖ ಮುಚ್ಚಿತ್ತು, ಕಾಲು ಮುಚ್ಚಿರಲಿಲ್ಲ. ಹಲಗೆಯ ಅಂಚಿನ ಸಂದಿಯಿಂದ ಇಣುಕಿದೆ. ಅವಳು ನನ್ನ ಚಪ್ಪಲಿಗಳನ್ನೇ ನೋಡುತ್ತಿದ್ದಳು. ಮೂರು ದಿನ ಅವಳ ಜಗಲಿಯ ಕೆಳಗೆ ಬಿಟ್ಟ ಚಪ್ಪಲಿಗಳು. ಅವಳು ಬಯ್ಯಲಿಲ್ಲ, ಮುಂದೆ ಬರಲೂ ಇಲ್ಲ. "ರಜಾ ಮುಗಿಸಿ ಬಂದ ಮ್ಯಾಲೆ ನಾ ಬಂದಿದ್ದೆ ಅಂತ ಹೇಳ್ರಿ" ಎಂದು ಪ್ಯೂನನಿಗೆ ಹೇಳಿ ಇಳಿದು ಹೋದಳು.

ಮಳೆಗಾಲಕ್ಕೆ ಮುಂಚೆ ನಾಲ್ಕೂ ಮನೆಗಳನ್ನು ಕೆಡವಿದರು. ಗಡಿಯ ಮೇಲೆ ಸುಣ್ಣದ ಗೆರೆ ಎಳೆಸಲು ನನ್ನನ್ನೇ ಕಳಿಸಿದರು. ಈ ಸಲ ಪೊಲೀಸರಿದ್ದರು. ಮುದುಕಿ ಹಿಂದಿನ ದಿನವೇ ಮಗಳ ಊರಿಗೆ ಹೋಗಿದ್ದಳು. ಹೋಗುವ ಮುಂಚೆ ನೆಲ ಸಾರಿಸಿ ಹೋಗಿದ್ದಳು. ಸಗಣಿಯ ಬಳುಕುಗೆರೆಗಳು ಇನ್ನೂ ಅಳಿಸಿರಲಿಲ್ಲ.

ಮುಂದಿನ ವರ್ಷ ರಸ್ತೆಯ ದಾರಿ ಬದಲಾಯಿತು. ಖಾಡಿಯ ಬದಿಯ ಮಣ್ಣು ಮೆತ್ತಗಿದೆಯೆಂದು ಅದನ್ನು ಪೂರ್ವಕ್ಕೆ ಸರಿಸಿದರು. ಕೆಡವಿದ ಜಾಗ ಯಾವುದಕ್ಕೂ ಬೇಕಾಗಲಿಲ್ಲ. ಇದನ್ನು ಮೇಲಧಿಕಾರಿಗೆ ಹೇಳಿದೆ. ಅವರು ಚಹಾ ಕುಡಿಯುತ್ತ, "ನಿಂಗೆ ಎಂತಕ್ಕೆ ಬೇಕು ಅದೆಲ್ಲ? ಹೊಸ ನಕಾಶೆಗೆ ಶೀಟು ಹಾಕು" ಎಂದರು. ಹಾಕಿದೆ. ಅದೇ ತಿಂಗಳು ನನ್ನ ಕೆಲಸ ಪರ್ಮನೆಂಟ್ ಆಯಿತು.

ತೊಂಬತ್ತೊಂದರ ಹೊತ್ತಿಗೆ ಆ ಕೆಲಸ ಬಿಟ್ಟು ಕಲ್ಯಾಣದ ಕಡೆ ಸರ್ವೇ ಪಾಠ ಹೇಳತೊಡಗಿದ್ದೆ. ತರಗತಿಯಲ್ಲಿ ಏಳು ಹುಡುಗಿಯರಿದ್ದರು. ಒಂದು ರವಿವಾರ ಒಬ್ಬಳೇ ಆ ಊರಿಗೆ ಹೋದೆ. ಕೆಡವಿದ ಜಾಗದಲ್ಲಿ ಎಕ್ಕದ ಗಿಡಗಳು ಬೆಳೆದಿದ್ದವು. ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದ ನಡುವಯಸ್ಸಿನ ಹೆಂಗಸನ್ನು, ಇಲ್ಲಿದ್ದ ಅಜ್ಜಿ ಎಲ್ಲಿ ಎಂದು ಕೇಳಿದೆ.

"ಸತ್ತಳು" ಎಂದಳು. "ಮಗಳ ಮನ್ಯಾಗ. ಹೆಣಾನೂ ಇಲ್ಲಿಗೆ ತರಗೊಡಲಿಲ್ಲ ನಮ್ಮವರು. ನೀ ಯಾರು?"

ಹೇಳಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. "ಜನಗಣತಿಯವಳು" ಎಂದು ಬಾಯಿಗೆ ಬಂತು.

ಅವಳು ಕೂಡಲೇ ಮೆತ್ತಗಾದಳು. ಮಣೆ ಹಾಕಿ ಕೂರಿಸಿದಳು, ನೀರು ಕೊಟ್ಟಳು. ಒಳಗಿದ್ದವರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿ, ಗಂಡನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಒಬ್ಬೊಬ್ಬರ ಹೆಸರು, ವಯಸ್ಸು ಹೇಳತೊಡಗಿದಳು. ನಾನು ಚೀಲದಿಂದ ನೋಟ್‌ಬುಕ್ಕು ತೆಗೆದು ಎಲ್ಲರ ಹೆಸರನ್ನೂ ಬರೆದುಕೊಂಡೆ.