ಎತ್ತು ಮಾರಿ ಹಾಕಿಸಿದ ನೆಲ

ತಟ್, ತಟ್, ತಟ್. ಹೆಂಗಸರು ಕುಕ್ಕರುಗಾಲಲ್ಲಿ ಸಾಲಾಗಿ ಕೂತು ಮರದ ಬಡಿಗೆಗಳಿಂದ ಹಸಿ ಗಾರೆ ಬಡಿಯುವ ಸದ್ದು. ಬೆಲ್ಲದ ನೀರು ಚಿಮುಕಿಸುವಾಗ ಒಂದು ಗಳಿಗೆ ನಿಲ್ಲುವುದು, ಆಮೇಲೆ ಮತ್ತೆ ತಟ್, ತಟ್. ಮಹಾರಾಜರ ಕಾಲದ ಆ ಬೇಸಿಗೆ ರಜೆಯ ಸೌಂಡ್ ಅಂದರೆ ನನಗೆ ಇವತ್ತಿಗೂ ಅದೇ.

ಅಜ್ಜಂಪುರದಿಂದ ಗಾಡಿ ಹೂಡಿಕೊಂಡು ಹೋಗಬೇಕಾಗಿದ್ದ ನಮ್ಮೂರಿನಲ್ಲಿ ಆಗ ಬಡವರು ಬಲ್ಲಿದರು ಎಲ್ಲರದೂ ಸಗಣಿ ಸಾರಿಸಿದ ಮಣ್ಣಿನ ನೆಲ. ಅಪ್ಪನ ತಲೆ ಕೆಟ್ಟದ್ದು ನನ್ನಿಂದಲೇ ಅನ್ನಬಹುದು. ನನ್ನ ಅಡ್ಮಿಷನ್ನಿಗೆಂದು ಮೈಸೂರಿನ ಕಾನ್ವೆಂಟಿಗೆ ಬಂದವರು ಮದರ್ ಸುಪೀರಿಯರ್ ಏನು ಹೇಳಿದರೂ ತಲೆ ಎತ್ತಲಿಲ್ಲ. ಬಹಳ ಹಂಬಲ್ ಮನುಷ್ಯ ಅಂತ ಆಕೆ ಭಾವಿಸಿರಬೇಕು. ಅಪ್ಪ ಕಾರಿಡಾರಿನ ನೆಲದಲ್ಲಿ ತಮ್ಮ ಮೀಸೆ ನೋಡಿಕೊಳ್ಳುತ್ತಿದ್ದರು.

ಅದೇ ವರ್ಷ ಅಜ್ಜಿಯ ಬಹುಕಾಲದ ಮೊರೆಗೆ ಮಠದಿಂದ ಒಪ್ಪಿಗೆ ಬಂತು. ಗುರುಗಳು ನಮ್ಮ ಮನೆಗೆ ಪಾದಪೂಜೆಗೆ ಬರುತ್ತಾರೆ! ಅಜ್ಜಿಗೆ ಜೀವನದಲ್ಲಿ ಉಳಿದಿದ್ದ ಆಸೆ ಅದೊಂದೇ. "ಅದೊಂದು ಆಗಿಬಿಡ್ಲಿ, ಆಮೇಲೆ ನನ್ನ ಎತ್ಕೊಂಡು ಹೋಗ್ರಪ್ಪ," ಅನ್ನುತ್ತಿದ್ದರು. "ಗುರುಗಳ ಪಾದ ಮಣ್ಣಿನ ಮೇಲಾ ಅವ್ವಾ?" ಅಂದರು ಅಪ್ಪ. ಅಲ್ಲಿಗೆ ಗಾರೆ ನೆಲ ನಿಶ್ಚಯವಾಯಿತು.

ತರೀಕೆರೆಯಿಂದ ಬಂದ ಮೇಸ್ತ್ರಿ ಬಾಯಲ್ಲೇ ಎಸ್ಟಿಮೇಟ್ ಕೊಟ್ಟ. "ಒಸಿ ಸುಣ್ಣ, ಒಸಿ ಮರಳು, ಒಸಿ ಬೆಲ್ಲ. ಇನ್ನೇನೈತೆ ಬುಡಿ ಸ್ವಾಮಿ." ಆ ಒಸಿ ಬೆಲ್ಲ ಗಾಡಿ ತುಂಬ ಬಂತು. ಸುಣ್ಣ ಅರೆಯುವ ಗಾಣಕ್ಕೆ ಎತ್ತು, ಎತ್ತಿಗೆ ಹುಲ್ಲು, ಲಿಂಗದಹಳ್ಳಿ ಕಡೆಯ ಗುಡ್ಡದಿಂದ ಕೆಂಪು ಕಾವಿ, ನೆನೆಹಾಕಲು ಅಳಲೆಕಾಯಿ, ಬಡಿಯುವವರಿಗೆಲ್ಲ ಎರಡು ಹೊತ್ತು ಮುದ್ದೆ. ಅಮ್ಮ ಒಲೆ ಮುಂದಿನಿಂದ ಏಳಲೇ ಇಲ್ಲ. "ಬೆಲ್ಲ ನೆಲ ತಿಂತು, ರಾಗಿ ಕೂಲಿಯೋರು ತಿಂದ್ರು, ಇನ್ನು ನಾವು ಗಾರೆನೇ ನೆಕ್ಕಬೇಕು," ಅಂತ ಗೊಣಗುತ್ತಿದ್ದರು. ಕೊನೆಗೆ, ಅರಸರ ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ತಳಿ ಅಂತ ಅಪ್ಪ ಜಂಬ ಪಡುತ್ತಿದ್ದ ಎತ್ತಿನ ಜೋಡಿಯೇ ಮಾರಾಟವಾಯಿತು. ಅಪ್ಪ ಅವುಗಳ ಜೊತೆ ಊರ ಬಾಗಿಲವರೆಗೂ ಹೋಗಿ ಬಂದರು. ಅಜ್ಜಿ ಆಮೇಲೆ ಬಹಳ ದಿನ ಮಗನ ಜೊತೆ ಮಾತು ಬಿಟ್ಟರು.

ನೆಲವೇನೋ ಬ್ಯೂಟಿಫುಲ್! ನುಣುಪುಗಲ್ಲಿನಿಂದ ತಿಕ್ಕಿ ತಿಕ್ಕಿ, ದಾಸವಾಳದ ಎಸಳಿನ ಹಾಗೆ. ಊರೆಲ್ಲ ನೋಡಲು ಬಂತು. ಪಕ್ಕದ ಮನೆಯ ದೊಡ್ಡಮ್ಮ ಬಗ್ಗಿ ಸವರಿ, "ಏನ್ ಹಾಕಿದ್ಯೋ ಮೇಸ್ತ್ರಿ, ಹಿಂಗ್ ಹೊಳೀತದೆ?" ಅಂತ ಕೇಳಿದರು.

"ಇದೇನ್ ಹೊಳಪು ತಾಯಿ! ಗುಡ್ಡದ್ ಮ್ಯಾಲೆ ಕಾಫಿ ದೊರೆ ಬಂಗ್ಲೆ ನೋಡ್ಬೇಕಿತ್ತು ನೀವು. ಮಂಕರಿ ಮಂಕರಿ ಕೋಳಿಮೊಟ್ಟೆ ಒಡೆದು ಬಿಳಿ ಹಾಕಿ ತಿಕ್ಕಿದ್ದೆ."

ದೀಪ ಹಚ್ಚುವ ಹೊತ್ತಿಗೆ, ದೊಡ್ಡಮ್ಮನ ಬಾಯಿಂದ ಊರೆಲ್ಲ ಸುತ್ತಿದ ಆ ಕಥೆಯಿಂದ ದೊರೆಯೂ ಬಿದ್ದುಹೋಗಿದ್ದ, ಬಂಗ್ಲೆಯೂ ಬಿದ್ದುಹೋಗಿತ್ತು. ಮೊಟ್ಟೆ ಮಾತ್ರ ಉಳಿದು ನಮ್ಮ ನಡುಮನೆಗೆ ಬಂದು ಕೂತಿತ್ತು. ಮೊಟ್ಟೆ ಅನ್ನುವ ಮಾತನ್ನೂ ಬಾಯಲ್ಲಿ ಆಡದೆ "ಅದು" ಅನ್ನುವ ಮನೆ ನಮ್ಮದು. ವಾಟ್ ಎ ಸ್ಕ್ಯಾಂಡಲ್!

ಮಠದ ಅಯ್ಯನೋರು ವಿಚಾರಿಸಲು ಬಂದರು. ಅಪ್ಪ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದರು. "ನಾನು ನಂಬ್ತೀನಪ್ಪ," ಅಂದರು ಅಯ್ಯನೋರು. "ಊರು ನಂಬಬೇಕಲ್ಲ? ಅಂಥ ನೆಲದ ಮೇಲೆ ಗುರುಗಳು ಪಾದ ಇಡೋದು ಹೆಂಗೆ?"

ಬಾಗಿಲ ಹಿಂದೆ ನಿಂತಿದ್ದ ಅಜ್ಜಿಯ ಮುಖ ಸುಣ್ಣವಾಯಿತು. ಆದರೆ ಅವರು ಅಳುವ ಪೈಕಿ ಅಲ್ಲ. ಅಯ್ಯನೋರ ಮುಂದೆ ಬಂದು ನಿಂತು, "ಸಗಣಿ ಬಳಿದ್ರೆ ಆಗ್ತದಾ ಸ್ವಾಮಿ?" ಅಂದರು. ಅಯ್ಯನೋರು ಯೋಚಿಸಿ, ಆಗ್ತದೆ ಅಂತ ತಲೆಯಾಡಿಸಿದರು.

"ಅವ್ವಾ! ಎತ್ತು ಮಾರಿದ್ದೀನಿ ಇದಕ್ಕೆ!" ಅಪ್ಪನ ದನಿ ಒಡೆದುಹೋಯಿತು.

"ಎತ್ತು ಮಾರಿ ಕೆಡಿಸ್ಕೊಂಡಿದ್ದನ್ನ ಹಸುನೇ ಸರಿ ಮಾಡ್ಬೇಕು ಕಣಪ್ಪ. ಸಗಣಿ ತಗೊಂಡ್ ಬಾ."

ನಾನು ನಡುವೆ ಬಾಯಿ ಹಾಕಿದೆ. "ಅಜ್ಜಿ, ಅದನ್ನ ಹಾಕೇ ಇಲ್ಲವಲ್ಲ, ಇದು ಲಾಜಿಕಲ್ ಅಲ್ಲ."

"ನಿನ್ನ ಇಂಗ್ಲೀಷು ನಿನ್ನ ಮದರಮ್ಮನಿಗೆ ಇಟ್ಕೊಳೇ. ಸೆರಗು ಸಿಗಿಸಿ ಬಾ ಇಲ್ಲಿ."

ಹೀಗೆ ನಮ್ಮ ಸೀಮೆಯಲ್ಲೇ ಅತಿ ದುಬಾರಿ ನೆಲಕ್ಕೆ ಅಜ್ಜಿ, ಅಮ್ಮ, ನಾನು ಮೂವರೂ ಸೇರಿ ಸಗಣಿ ಬಳಿದೆವು. ಅಪ್ಪ ಹೊಲಕ್ಕೆ ಹೋಗಿಬಿಟ್ಟರು. ನೋಡಲಾಗಲಿಲ್ಲ ಪಾಪ.

ಆದರೆ ಮಣ್ಣು ಹಿಡಿದುಕೊಂಡ ಹಾಗೆ ಪಾಲಿಶ್ ಸಗಣಿಯನ್ನು ಹಿಡಿದುಕೊಳ್ಳುತ್ತದೆಯೇ? ಒಣಗಿದ್ದೇ ತಡ, ಸುಟ್ಟ ಹಪ್ಪಳದ ಹಾಗೆ ಮುರುಟಿ ಎದ್ದಿತು. ಮತ್ತೆ ಬಳಿದೆವು, ಮತ್ತೆ ಎದ್ದಿತು. ಗುರುಗಳು ಬಂದ ಬೆಳಿಗ್ಗೆ ಬಾಗಿಲಿಂದ ಮಣೆಯವರೆಗೆ ಅವರು ಹೆಜ್ಜೆ ಇಟ್ಟಲ್ಲೆಲ್ಲ ಚರಚರ ಅಂತು. ಅಂಗಾಲಿಗೆ ಚಕ್ಕೆಗಳು ಅಂಟಿಕೊಂಡವು. ಅಜ್ಜಿ ಪಾದಕ್ಕೆ ನೀರು ಎರೆದರು. ತಟ್ಟೆ ತುಂಬಿ ಚೆಲ್ಲಿದ ನೀರು ಸಗಣಿ ಕೊಚ್ಚಿಕೊಂಡು ಹರಿಯಿತು, ಕೆಳಗಿನ ಕೆಂಪು ಥಳಥಳ ಅಂತ ಕಂಡಿತು. ಅಜ್ಜಿ ಅಂಗೈಯಿಂದ ಅದನ್ನು ಮುಚ್ಚಲು ಹೋದರು. ಇನ್ನಷ್ಟು ಹೊಳೆಯಿತು.

"ಏನವ್ವಾ ಮುಚ್ಚಿಡ್ತಾ ಇದೀಯ?" ಗುರುಗಳು ಕೇಳಿದರು.

ಅಜ್ಜಿ ಎಲ್ಲ ಹೇಳಿಬಿಟ್ಟರು. ದೊಡ್ಡಮ್ಮನ ಎದುರಿಗೇ, ಊರಿನ ಎದುರಿಗೇ. "ಬೆಲ್ಲ, ಸುಣ್ಣ, ಅಳಲೆಕಾಯಿ ಬಿಟ್ಟು ಬೇರೆ ಏನೂ ಇಲ್ಲ ಬುದ್ಧೀ. ಆದ್ರೂ ಊರಿನ ಬಾಯಿಗೆ ಹೆದರಿ ಬಳಿದ್ಬಿಟ್ಟೆ."

"ಬೆಲ್ಲ ಎಷ್ಟು ಹಿಡೀತು?"

"ಒಂದು ಗಾಡಿ, ಬುದ್ಧಿ."

"ಅಯ್ಯೋ, ಹಾಗಾದ್ರೆ ನಮ್ಮನ್ನ ಪಾಯಸದ ಮೇಲೆ ಕೂರಿಸಿದ್ದೀಯಲ್ಲವ್ವಾ!"

ಜನ ಗೊಳ್ಳೆಂದು ನಕ್ಕರು. ಗುರುಗಳು ಮಣೆಯಿಂದ ಇಳಿದು, ಸಗಣಿ ತೊಳೆದುಹೋದ ಜಾಗದಲ್ಲಿ ಬರಿ ನೆಲದ ಮೇಲೆ ಕಾಲು ಮಡಿಸಿ ಕೂತುಬಿಟ್ಟರು. "ತಣ್ಣಗಿದೆ. ನಮ್ಮ ಮಠಕ್ಕೂ ಹಾಕಿಸಬೇಕು. ಎಷ್ಟಾಯ್ತಪ್ಪ?" ಅಂತ ಅಪ್ಪನನ್ನು ಕೇಳಿದರು. ಅಪ್ಪ ಬಾಯಿ ತೆರೆದರು, ಎತ್ತಿನ ನೆನಪಾಯಿತೋ ಏನೋ, ಕೊಟ್ಟಿಗೆ ಕಡೆ ಒಮ್ಮೆ ನೋಡಿ, "ಒಸಿ ಆಯ್ತು ಬುದ್ಧಿ," ಅಂದರು.

ದೊಡ್ಡಮ್ಮ ಪ್ರಸಾದಕ್ಕೆ ಎಲ್ಲರಿಗಿಂತ ಮುಂದೆ ಕೈಯೊಡ್ಡಿದರು, ಸೋ ಪೊಲೈಟ್ಲಿ.

ಅದುವರೆಗೆ ಓಡಾಡುವಾಗ ಆ ನೆಲದ ನಡುವೆ ಕಾಲಿಡದೆ ಗೋಡೆಯ ಪಕ್ಕದಲ್ಲೇ ಹೆಜ್ಜೆ ಇಡುತ್ತಿದ್ದ ಅಜ್ಜಿ, ಗುರುಗಳು ಕೂತಿದ್ದ ಜಾಗದಲ್ಲೇ ಮಧ್ಯಾಹ್ನದ ನಿದ್ದೆ ಮಾಡತೊಡಗಿದರು. ಚಾಪೆ ಕೊಟ್ಟರೆ ತಳ್ಳುವರು. ರಜೆ ಮುಗಿದು ನಾನು ಹೊರಟ ದಿನವೂ ಅಲ್ಲೇ ಮಲಗಿದ್ದರು, ಕೆನ್ನೆ ನೆಲಕ್ಕೆ ಒತ್ತಿ, ಬಾಯಿ ಒಂದಿಷ್ಟು ತೆರೆದು. ಸ್ಟೇಷನ್ನಿಗೆ ಹೊತ್ತಾಗುತ್ತೆ ಅಂತ ಅಪ್ಪ ಹೊರಗೆ ಬಾಡಿಗೆ ಗಾಡಿಯಿಂದ ಕೂಗುತ್ತಿದ್ದರು. ಎಬ್ಬಿಸಲೇ ಅಂದೆ. "ಬೇಡ, ಮಲಗಲಿ ಬಿಡು," ಅಂದರು ಅಮ್ಮ. ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅಜ್ಜಿ ಕಣ್ಣು ಬಿಡದೆಯೇ ಕಾಲು ಎಳೆದುಕೊಂಡು, ಮಗ್ಗುಲು ಬದಲಿಸಿ, ಇನ್ನೂ ತಣ್ಣಗಿದ್ದ ಕಡೆಗೆ ಸರಿದು ಮಲಗಿದರು.