ಬಣ್ಣದ ನೀರು ನುಗ್ಗಿದ ಹೊಲ

ಹಿಕ್ಕೆಯ ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ತರುಬುತ್ತೇವೆಂದು ನನ್ನ ಗಂಡ ಮೊದಲೇ ಮಾತು ಕೊಟ್ಟುಬಿಟ್ಟಿದ್ದ; ಹೊಲ ನೋಡಿದ್ದು ಆಮೇಲೆ. ಕೊರೋಚಿ ಊರಿನ ಆಚೆ, ಸಂಜೆ, ಹಿಂಡು ಬದುವಿನ ಮೇಲೆ ಬಂದು ನಿಂತಿತು. ಮುಂದಿನ ಕುರಿ ನೆಲ ಮೂಸಿ ಹಿಂದೆ ಸರಿಯಿತು. ನಾನೂ ಒಂದು ಹೆಂಟೆ ಎತ್ತಿ ಮೂಸಿದೆ. ಥೂ! ಬಟ್ಟೆಗೆ ಬಣ್ಣ ಹಾಕುವ ಕಾರಖಾನೆಯ ನೀರು. ಮಳೆಗಾಲದಲ್ಲಿ ಹಳ್ಳ ಉಕ್ಕಿ ಹೊಲಕ್ಕೆಲ್ಲ ನುಗ್ಗಿತ್ತಂತೆ.

ನಮ್ಮ ಹಿಂಡಿನಲ್ಲಿ ಅರ್ಧಕ್ಕರ್ಧ ಗಬ್ಬದ ಕುರಿಗಳು. ಒಂದನ್ನೂ ಕೆಳಗಿಳಿಯಲು ಬಿಡಲಿಲ್ಲ.

ಹೊಲದ ಮಾಲಕರು ವಯಸ್ಸಾದ ಜೈನರು, ಮೆತ್ತಗಿನ ಮಾತು. "ತಂಗೆವ್ವಾ, ಮಣ್ಣ ತಪಾಸ ಮಾಡೋರು ಹೇಳ್ಯಾರ. ಬಣ್ಣಾ ತಿಂದು ಮುಗಸೋ ಸಣ್ಣ ಜೀವ ಮಣ್ಣಾಗನ ಅದಾವಂತ. ಬರೇ ಚೀಲದ ಸರಕಾರಿ ಗೊಬ್ಬರಾ ಹಾಕಿ ಹಾಕಿ ನಾನ ಅವನ್ನ ಉಪಾಸ ಕೆಡವೇನಿ. ಹಿಕ್ಕಿ ಬಿದ್ರ ಎದ್ದು ಕೆಲಸಾ ಮಾಡತಾವ."

"ನಿಮ್ಮ ಕಾಣದ ಜೀವಕ್ಕ ನನ್ನ ಕುರಿ ಜೀವಾ ಕೊಡ್ಲೇನ್ರಿ ಅಣ್ಣಾರ? ಗಬ್ಬದ ಕುರಿ ಮಣ್ಣ ನೆಕ್ಕತಾವ. ದಿನಾ ತುಂಬದ ಕಂದ ಹಾಕಿದ್ರ?"

"ಮಾತ ಕೊಟ್ಟೇನಿ, ಸುಮ್ಮನಿರ," ಎಂದ ಗಂಡ.

ನನಗೆ ಮೈಯೆಲ್ಲ ಉರಿಯಿತು. "ಕೊಟ್ಟವ್ರು ನೀವ ಹೋಗಿ ಮಲಗ್ರಿ ಅದರಾಗ!"

ಕೊನೆಗೆ ಕುರಿ ತರುಬಿದ್ದು ಬದುವಿನ ಮೇಲ್ಗಡೆ, ಬಣ್ಣದ ನೀರು ಏರದಿದ್ದ ಅವರ ಒಳ್ಳೆಯ ತುಂಡಿನಲ್ಲಿ. ಬೆಳಗಾದರೆ ಮಾಲಕರೇ ಹಿಕ್ಕೆ ಬಳಿದು ಬುಟ್ಟಿ ಹೊತ್ತು ಕೆಳಗೆ ಚೆಲ್ಲುತ್ತಿದ್ದರು. ಪಾಪ ಎನಿಸುತ್ತಿತ್ತು. ಆದರೂ ಒಂದು ಮರಿ ಬದು ಹಾರಿದರೆ ಓಡಿಹೋಗಿ ಎತ್ತಿ ತರುತ್ತಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಅತ್ತ ಹಾಯ್ದೆವು. ದಾರಿಯುದ್ದಕ್ಕೂ ಮೇವಿರಲಿಲ್ಲ, ಕುರಿಗಳ ಪಕ್ಕೆ ಒಳಹೋಗಿದ್ದವು. ಹೊಲದಲ್ಲಿ ನೋಡಿದರೆ, ಹಿಕ್ಕೆ ಬಿದ್ದಲ್ಲೆಲ್ಲ ಬಾವಿ ನೀರಿಗೆ ಗೋವಿನಜೋಳ ಮೊಳಕಾಲುದ್ದ ಎದ್ದಿತ್ತು! ಹಿಕ್ಕೆ ಬೀಳದ ಮೂಲೆ ಮಾತ್ರ ಇನ್ನೂ ಬೋಳು, ಇನ್ನೂ ಅದೇ ನಾತ.

"ಬಿಡ್ರಿ ಕುರಿ, ಹೊಟ್ಟಿ ತುಂಬ ಮೇಯಲಿ," ಎಂದರು ಮಾಲಕರು, ಮುಖವರಳಿಸಿ. ಗಂಡ ಆಗಲೇ ಬೇಲಿಯ ಮುಳ್ಳು ಸರಿಸುತ್ತಿದ್ದ.

"ನಿಲ್ರಿ! ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ. ಅಣ್ಣಾರ, ಖರೇ ಹೇಳ್ರಿ, ನಿಮ್ಮ ಎಮ್ಮಿಗೆ ಇದನ್ನ ಹಾಕೀರೇನು?"

ಅವರು ತಲೆ ತಗ್ಗಿಸಿದರು. "ಇಲ್ಲವ್ವಾ. ಧೈರ್ಯಾ ಆಗಿಲ್ಲ," ಎಂದರು. "ಮಣ್ಣಿನ ಹೊಟ್ಟೀನ ಇನ್ನೂ ತುಂಬಿಲ್ಲ. ಈ ಬೆಳಿ ಅದಕ್ಕ ಗೊಬ್ಬರಾಗಿ ಹೋಗಲಿ."

ಎತ್ತು ಹೂಡಿ, ನಿಂತ ಬೆಳೆಯ ಮೇಲೆಯೇ ನೇಗಿಲು ಹೊಡೆದರು. ಹಿಂಡಿಗೆ ಹಿಂಡೇ ಒದರುತ್ತಿತ್ತು. ಹಸಿದ ಕುರಿಗಳನ್ನು ಬೈದು ಬೈದು ಹಿಂದಕ್ಕೆ ತಳ್ಳುತ್ತ, ಆ ಹಸಿರೆಲ್ಲ ಮಣ್ಣೊಳಗೆ ಹೋಗುವುದನ್ನು ನೋಡುತ್ತ ನಾನು ಅತ್ತುಬಿಟ್ಟೆ.