ಮೋಡ ಕಟ್ಟಿದ ದಿನದ ಟೆಸ್ಟಿಂಗ್

ಆಗಲ್ಲ ಎಂದವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಆಲ್ದೂರು ಬಸ್‌ಸ್ಟ್ಯಾಂಡಿನಲ್ಲಿ, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ, ಅಪ್ಪನಿಗೆ ಹೇಳಿದ್ದರು: "ಅಲ್ಲ ಮಾರಾಯ, ನಮ್ಮಲ್ಲಿ ಕಾಫಿ ಒಣಗ್ಸೋಕೇ ಬಿಸ್ಲು ಸಾಲಲ್ಲ. ನಿನ್ ಮಗಳು ಅದ್ರಲ್ಲಿ ಕರೆಂಟ್ ಬೇರೆ ತೆಗೀತಾಳಾ? ಯಾವ ಕಾಲಕ್ಕೂ ಆಗಲ್ಲ ಬಿಡು."

ಅಪ್ಪ ನಕ್ಕುಬಿಟ್ಟರು. ಅದೇ ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಿಸುತ್ತಲೇ ವಯಸ್ಸು ಕಳೆದವರು. ರೈಟರಿಗೆ ಎದುರು ಮಾತಾಡಿ ಗೊತ್ತಿಲ್ಲ. ನನಗೆ ಮಾತ್ರ ಉರಿಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ರಜೆಯಲ್ಲಿ ಕಾಫಿ ಹಣ್ಣು ಕೊಯ್ಯಲು ಹೋಗಿ, ಗಣಿತವನ್ನು ಎರಡು ಸಲ ಬರೆದು, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪಾಸಾದವಳು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಚಿಕ್ಕಮಗಳೂರಿನಲ್ಲಿ ಸೋಲಾರ್ ಹಾಕುವವರ ಹತ್ತಿರ ಕೆಲಸಕ್ಕೆ ಸೇರಿದ್ದೆ. ವಸ್ತಾರೆ ಹತ್ತಿರದ ನಮ್ಮ ಮನೆಯದೇ ನಾನೊಬ್ಬಳೇ ನಿಂತು ಮಾಡಿಸಿದ ಮೊದಲ ಕೆಲಸ. ಓನರ್ ಖಡಾಖಂಡಿತವಾಗಿ ಹೇಳಿದ್ದರು: "ಕರೆಂಟ್ ಇಲಾಖೆಯವ್ರ ಟೆಸ್ಟಿಂಗಲ್ಲಿ ಪಾಸಾದ್ರೆ ಮುಂದಿನ ಸೈಟೆಲ್ಲ ನಿಂದೇ. ಫೇಲಾದ್ರೆ ಆಫೀಸಲ್ಲಿ ಫೋನ್ ಎತ್ಕೊಂಡು ಕೂತ್ಕೋ."

ಆ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಇಲಾಖೆಯ ಎಂಜಿನಿಯರ್ ಬಂದು ಅರ್ಥಿಂಗ್ ಪರೀಕ್ಷಿಸುವಷ್ಟರಲ್ಲಿ ಗಿರಿ ಕಡೆಯಿಂದ ಮೋಡ ಕಟ್ಟಿತು. ಕುಯ್ಲಿನ ಕಾಲ, ಅಂಗಳದಲ್ಲಿ ನಮ್ಮದೂ ಒಂದಿಷ್ಟು ಕಾಫಿ ಹರವಿತ್ತು. ಅದನ್ನು ಮುಚ್ಚಲು ಅಪ್ಪ, ಅಮ್ಮ ಓಡಾಡುವ ಸದ್ದು ಒಳಗೆ ಕೇಳುತ್ತಿತ್ತು. ನಾನು ಹಿಂದಿನ ಕೋಣೆಯಲ್ಲಿ, ಮಾಡಿನ ಮೇಲಿನ ಪ್ಯಾನೆಲ್‌ಗಳ ಕರೆಂಟು ಬಂದು ಸೇರುವ ಇನ್ವರ್ಟರ್ ಮುಂದೆ ನಿಂತಿದ್ದೆ.

"ಆನ್ ಮಾಡಿ," ಎಂದರು ಎಂಜಿನಿಯರ್.

ಮಾಡಿದೆ. ಅದು ಏಳಲಿಲ್ಲ. ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಊಹೂಂ.

"ಮೋಡ ಅಲ್ವಾ ಸಾರ್..."

"ಮೋಡ ಇದ್ರೂ ಒಂಚೂರಾದ್ರೂ ಬರ್ಬೇಕಲ್ಲಮ್ಮ?"

ಅವರ ಮಾತು ಸರಿ. ಮಳೆಗಾಲದ ಕತ್ತಲಲ್ಲೂ ಪ್ಯಾನೆಲ್ ಇಷ್ಟು ಸಾಯುವುದಿಲ್ಲ. ಬೆಳಿಗ್ಗೆ ನಾನೇ ವೋಲ್ಟೇಜ್ ಅಳೆದಿದ್ದೆ, ಸರಿಯಾಗಿಯೇ ಇತ್ತು. ಫ್ಯೂಸ್ ಬಿಚ್ಚಿದೆ, ಚೆನ್ನಾಗಿತ್ತು. ವೈರು ಎಳೆದು ನೋಡಿದೆ, ಬಿಗಿಯಾಗಿತ್ತು. ಎಂಜಿನಿಯರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

"ಸೀನಿಯರ್ ಯಾರಿಗಾದ್ರೂ ತೋರ್ಸಿ. ಆಮೇಲೆ ಇನ್ನೊಂದ್ಸಲ ಅರ್ಜಿ ಹಾಕಿ."

"ಒಂದ್ನಿಮಿಷ ಸಾರ್. ಮೇಲೆ ನೋಡ್ಕೊಂಡು ಬಂದೆ."

ಹಿಂಬದಿಗೆ ಓಡಿದರೆ ಏಣಿ ಆಗಲೇ ಮಾಡಿಗೆ ಒರಗಿತ್ತು. ನಾನಂತೂ ಇಟ್ಟಿರಲಿಲ್ಲ. ಹತ್ತಿದೆ. ಪ್ಯಾನೆಲ್‌ಗಳು ಕಾಣಲೇ ಇಲ್ಲ. ಕಾಫಿ ಮುಚ್ಚುವ ದಪ್ಪ ಟಾರ್ಪಾಲನ್ನು ಎರಡು ಮಡಿಕೆ ಮಾಡಿ, ಮೂಲೆ ಮೂಲೆಗೆ ಹಗ್ಗ ಬಿಗಿದು, ಅಚ್ಚುಕಟ್ಟಾಗಿ ಹೊದೆಸಲಾಗಿತ್ತು.

ಕೆಳಗೆ ಅಪ್ಪ ಮುಖವರಳಿಸಿ ನಿಂತಿದ್ದರು. "ಹನಿ ಬೀಳೋ ಹಾಗಿತ್ತು ಕಣೆ. ಕಾಫಿಗಿಂತ ಮೊದ್ಲು ನಿಂದೇ ಮುಚ್ಚಿದ್ದು."

"ಅಪ್ಪಾ! ಅದು ಮಳೇಲೇ ಇರೋ ಸಾಮಾನು!"

"ಹೌದಾ? ಮೊದ್ಲೇ ಹೇಳೋದಲ್ವಾ?"

"ಅಂಗಳದಲ್ಲಿ ನಿಂತಿದ್ರೆ ನನ್ನೂ ಮುಚ್ತಿದ್ರು," ಎಂದು ಅಮ್ಮ ಆಚೆಯಿಂದ ಕೂಗಿದರು.

ನಗಲು ನನಗೆ ಹೊತ್ತಿರಲಿಲ್ಲ. ಹಗ್ಗ ಕಿತ್ತು, ಟಾರ್ಪಾಲು ಕೆಳಕ್ಕೆಸೆದು, ಇಳಿದು ಓಡಿದೆ. ಎಂಜಿನಿಯರ್ ಬೈಕಿನ ಹತ್ತಿರ ಹೋಗಿದ್ದರು, ಬೇಡಿ ಕರೆತಂದೆ. ಆನ್ ಮಾಡಿದೆ. ಇನ್ವರ್ಟರ್ ಏಳುವ ಮೊದಲು ಕಂಬದ ಲೈನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಇಬ್ಬರೂ ಅದರ ದೀಪವನ್ನೇ ನೋಡುತ್ತ ನಿಂತೆವು.

ಹಸಿರು ದೀಪ ಹತ್ತಿತು. ಮೋಡದ ಬೆಳಕಿಗೆ ಬಂದದ್ದು ಕಡಿಮೆಯೇ, ಆದರೆ ಬಂತು. ಇನ್ನೊಂದು ಪರೀಕ್ಷೆ ಬಾಕಿ ಇತ್ತು: ನಮ್ಮ ಕರೆಂಟೂ ಕಂಬದ ಲೈನಿಗೇ ಸೇರುವುದರಿಂದ, ಲೈನ್ ಹೋದರೆ ನಮ್ಮದೂ ನಿಲ್ಲಬೇಕು, ಇಲ್ಲವಾದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯುತ್ತದೆ. ಎಂಜಿನಿಯರ್ ಮೇನ್ ಸ್ವಿಚ್ ಇಳಿಸಿದರು. ತಕ್ಷಣ ನಿಂತಿತು. ಮತ್ತೆ ಏರಿಸಿದರು. ಸ್ವಲ್ಪ ಹೊತ್ತಿಗೆ ಎದ್ದಿತು.

"ವೈರಿಂಗ್ ನೀಟಾಗಿದೆ," ಎಂದಷ್ಟೇ ಹೇಳಿ, ಜಗಲಿಯ ಮೇಲೆ ಕೂತು ಸರ್ಟಿಫಿಕೇಟಿಗೆ ಸಹಿ ಹಾಕಿದರು. ಮೀಟರ್ ಅಪ್ಪನ ಹೆಸರಿನಲ್ಲಿತ್ತು, ಅವರಿಗೇ ಕೊಟ್ಟರು. ಅಪ್ಪ ಕೈಯನ್ನು ಲುಂಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡರು. ಗಿರಿ ಕಡೆಗೊಮ್ಮೆ ನೋಡಿ ನನ್ನತ್ತ ತಿರುಗಿದರು.

"ಪುಟ್ಟಿ, ಇನ್ನೂ ಮೋಡ ಬರ್ತಿದೆ. ಈಗ ನಾನೇನ್ ಮಾಡ್ಲಿ, ನೀನೇ ಹೇಳು."